ರೇಡಿಯೋಹೆಡ್ ಎಲ್ಲಿಂದ ಶುರು ಮಾಡಬೇಕು?

ಇಂಗ್ಲೆಂಡಿನ ಈ ರಾಕ್ ಬ್ಯಾಂಡನ್ನು ಮೊದಲ ಆಲ್ಬಮ್‌ನಿಂದಲೇ ಸಾಲಾಗಿ ಕೇಳಲು ಹೋಗಬೇಡಿ. 1993ರ ‘ಪಾಬ್ಲೋ ಹನಿ’ಯಲ್ಲಿ ‘ಕ್ರೀಪ್’ ಹಾಡು ಬಿಟ್ಟರೆ ಅಂಥದ್ದೇನಿಲ್ಲ. ಸುಮ್ನೆ 2007ರ ‘ಇನ್ ರೇನ್‌ಬೋಸ್’ ಹಾಕಿ. ಹತ್ತೇ ಹಾಡು, ಸುಮಾರು 42 ನಿಮಿಷ. ಹಾಸನದಲ್ಲಿ ಬಸ್ ಹತ್ತಿದರೆ ಸಕಲೇಶಪುರ ಬರೋದರೊಳಗೆ ಮುಗಿಯುತ್ತದೆ. ಮೊದಲ ಹಾಡು ಬರೀ ತಾಳದಿಂದ ಶುರು, ಆಮೇಲೆ ದನಿ, ಗಿಟಾರ್ ಬರೋದು ಸ್ವಲ್ಪ ತಡವಾಗಿ. ಐದು ಎಣಿಕೆಯ ತಾಳ ಅದು. ಕರ್ನಾಟಕ ಸಂಗೀತದ ಖಂಡ ಛಾಪು ತಾಳ ಹಾಕಿ ಅಭ್ಯಾಸ ಇರೋರ ಕೈ ತಾನಾಗಿ ತೊಡೆ ತಟ್ಟುತ್ತದೆ!

ಹಿಡಿಸಿದರೆ ಮುಂದಕ್ಕೆ 1997ರ ‘ಓಕೆ ಕಂಪ್ಯೂಟರ್’. ಗಿಟಾರ್ ಜಾಸ್ತಿ ಬೇಕು ಅನ್ನೋರಿಗೆ ‘ದ ಬೆಂಡ್ಸ್’. ‘ಕಿಡ್ ಎ’ ಈಗಲೇ ಬೇಡ, ಅದರಲ್ಲಿ ಎಲೆಕ್ಟ್ರಾನಿಕ್ ಸದ್ದೇ ಹೆಚ್ಚು. ಶಫಲ್ ಆಫ್ ಮಾಡಿ. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಘಾಟಿ ಕಡೆ ನೆಟ್‌ವರ್ಕ್ ನಂಬೋ ಹಾಗಿಲ್ಲ ಅಲ್ವಾ?