ಲೋಕಾಯುಕ್ತಕ್ಕೆ ದೂರು ಬರೆಸಲು ಬರುವವರಿಗೆ

ತಾಲೂಕು ಕಚೇರಿ ಎದುರು ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಲೋಕಾಯುಕ್ತಕ್ಕೆ ದೂರು ಬರೆಸಲು ಯಾರೇ ಬಂದರೂ ಮೊದಲು ಕೇಳುತ್ತೇನೆ: "ಅರ್ಜಿ ಕೊಟ್ಟಾಗ ಸೀಲು ಹಾಕಿಸಿಕೊಂಡ ಪ್ರತಿ ಇದೆಯಾ?"

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಬಂದರು. ಜಮೀನಿನ ಪೋಡಿಗೆ, ಅಂದರೆ ತಮ್ಮ ಪಾಲನ್ನು ಅಳೆದು ಬೇರೆ ಮಾಡಿಕೊಡಲು, ಅರ್ಜಿ ಹಾಕಿ ನಾಲ್ಕು ತಿಂಗಳಾಗಿತ್ತು. "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ನಾಳೆ ಬಾ" ಅನ್ನುವುದೇ ಉತ್ತರ. ಸೆರಗಿನ ಗಂಟು ಬಿಚ್ಚಿ ಒಂದು ಹಾಳೆ ತೆಗೆದರು. ಮಡಿಕೆ ಹರಿದಿತ್ತು. ಮೂಲೆಯಲ್ಲಿ ನೇರಳೆ ಸೀಲು, ಅದರೊಳಗೆ ತಾರೀಖು. ದೂರು ನಿಲ್ಲುವುದೇ ಅದರ ಮೇಲೆ.

ಕೆಲಸ ಮಾಡದೆ ಸತಾಯಿಸಿದರೆ ಅದು ಕುಂದುಕೊರತೆ. ವಿಷಯ ಗೊತ್ತಾದ 6 ತಿಂಗಳೊಳಗೆ ದೂರು ಕೊಡಬೇಕು. ಲಂಚ, ಅಧಿಕಾರ ದುರ್ಬಳಕೆಯಾದರೆ ಅದು ಆಪಾದನೆ. ಅದಕ್ಕೆ ಘಟನೆ ನಡೆದ ದಿನದಿಂದ 5 ವರ್ಷ ಅವಕಾಶ. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ (ಅಫಿಡವಿಟ್). ಅದಕ್ಕೆ ನೋಟರಿ ಮುಂದೆ ಸಹಿ ಮಾಡಬೇಕು.

ಬರೆಯುವಾಗ "ಎಲ್ಲಾ ಕಳ್ಳರು" ಅನ್ನಬೇಡಿ. ಯಾವ ಅಧಿಕಾರಿ, ಯಾವ ದಿನ, ಯಾವ ಕೆಲಸ, ಏನು ಹೇಳಿದರು, ಅಷ್ಟೇ ಬರೆಯಿರಿ. ಕೇಳಿದ ಮಾತನ್ನು ಕಂಡಂತೆ ಬರೆಯಬೇಡಿ. ಬೇಕಂತಲೇ ಸುಳ್ಳು ದೂರು ಕೊಟ್ಟರೆ ಜೈಲು ಶಿಕ್ಷೆಯೂ ಇದೆ.

ದುಡ್ಡು ಕೇಳಿದ್ದರೆ ಮಾತ್ರ ನನ್ನ ಅಂಗಡಿಗೆ ಬರಬೇಡಿ. ಕೊಡುವ ಮುಂಚೆಯೇ ನೇರ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. ನೋಟಿಗೆ ಬಿಳಿ ಪುಡಿ ಸವರಿ ಕೊಡುತ್ತಾರೆ. ಮುಟ್ಟಿದವರ ಬೆರಳನ್ನು ಸೋಡಾ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಲವಂತಕ್ಕೆ ಕೊಟ್ಟುಬಿಟ್ಟಿದ್ದರೆ 7 ದಿನದೊಳಗೆ ತಿಳಿಸಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವರ ಮೇಲೂ ಕೇಸು ಆಗುತ್ತದೆ, ಹೀಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ. 2016ರಲ್ಲಿ ಲಂಚ ಹಿಡಿಯುವ ಈ ಕೆಲಸ ಎಸಿಬಿಗೆ (ಭ್ರಷ್ಟಾಚಾರ ನಿಗ್ರಹ ದಳ) ಹೋಗಿತ್ತು. 2022ರಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು, ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿತು. ಆ ತೀರ್ಪು ಬಂದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಆದರೆ ಲೋಕಾಯುಕ್ತರೇ ನೌಕರನನ್ನು ಕೆಲಸದಿಂದ ತೆಗೆಯಲಾರರು. ಆಪಾದನೆ ನಿಜ ಅಂತ ಕಂಡರೆ ಸರ್ಕಾರಕ್ಕೆ ವರದಿ ಕಳಿಸುತ್ತಾರೆ. ಏನು ಕ್ರಮ ಆಯಿತು ಅಂತ ಸರ್ಕಾರ ಮೂರು ತಿಂಗಳಲ್ಲಿ ಲೋಕಾಯುಕ್ತರಿಗೆ ತಿಳಿಸಬೇಕು. ಅದೇ ನನಗೆ ಬೇಸರ. ಇಷ್ಟು ಕಷ್ಟಪಟ್ಟು ತನಿಖೆ ಮಾಡಿದವರ ಕೈಯಲ್ಲೇ ಕೊನೇ ಮಾತು ಇರಬೇಕಿತ್ತು, ಅಲ್ವಾ?

ಹಾಗಾಗಿ ದೂರಿನ ಸಂಖ್ಯೆ ಕಳೆದುಕೊಳ್ಳಬೇಡಿ. ಆಗಾಗ ಪತ್ರ ಬರೆದು ವಿಚಾರಿಸುತ್ತಿರಿ. ಅಜ್ಜಿ ತಮ್ಮ ದೂರಿನ ನಂಬರನ್ನು ರೇಷನ್ ಕಾರ್ಡಿನ ಹಿಂದೆ ನನ್ನ ಕೈಯಲ್ಲೇ ಬರೆಸಿಕೊಂಡು ಹೋದರು.