ಕರೆಂಟು ಹೋದಾಗ ಜನರೇಟರ್ ಕೆಲಸ ಮಾಡುವ ಬಗೆ

ಮುಂಗಾರುಪೂರ್ವ ಗಾಳಿಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಬೆಂಗಳೂರಿನ ಬಡಾವಣೆಯೊಂದು ಕತ್ತಲಾದರೂ, ಅಪಾರ್ಟ್‌ಮೆಂಟುಗಳ ಲಿಫ್ಟು, ನೀರಿನ ಪಂಪು ಮತ್ತು ಮೆಟ್ಟಿಲ ದೀಪಗಳು ಸ್ವಲ್ಪ ಹೊತ್ತಿನಲ್ಲೇ ಮರಳಿ ಚಾಲೂ ಆಗುತ್ತವೆ. ಈ ನಡುವೆ ಡೀಸೆಲ್ ಜನರೇಟರಿನಲ್ಲಿ ನಡೆಯುವ ಕೆಲಸಗಳಿಗೆ ಹಿಂದುಮುಂದಾಗಬಾರದ ಒಂದು ಕ್ರಮವಿದೆ.

ಮೂರೂ ಫೇಸ್‌ಗಳ ವೋಲ್ಟೇಜನ್ನು ಸದಾ ಗಮನಿಸುತ್ತಿರುವ ನಿಯಂತ್ರಣ ಪ್ಯಾನೆಲ್, ಕರೆಂಟು ಹೋದ ಕ್ಷಣದಲ್ಲೇ ಎಂಜಿನ್ ಚಾಲೂ ಮಾಡುವುದಿಲ್ಲ. ಕಣ್ಣು ಮಿಟುಕಿಸಿದಂತೆ ಹೋಗಿ ಬರುವ ಕರೆಂಟಿಗೆ ಎಂಜಿನ್ ಓಡಿಸುವುದು ವ್ಯರ್ಥವಾದ್ದರಿಂದ ಅದು ಕೆಲವು ಸೆಕೆಂಡು ಕಾಯುತ್ತದೆ. ಆಮೇಲೆ 12 ವೋಲ್ಟಿನ, ದೊಡ್ಡ ಯಂತ್ರವಾದರೆ 24 ವೋಲ್ಟಿನ, ಬ್ಯಾಟರಿ ಸ್ಟಾರ್ಟರ್ ಮೋಟಾರನ್ನು ತಿರುಗಿಸುತ್ತದೆ. ಕರೆಂಟು ಹೋದಾಗ ಜನರೇಟರ್ ಕೈಕೊಡಲು ಸಾಮಾನ್ಯ ಕಾರಣ ಎಂಜಿನ್ ಅಲ್ಲ, ಚಾರ್ಜ್ ಇಳಿದ ಈ ಬ್ಯಾಟರಿ.

ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದಕ್ಕೆ ಜೋಡಿಸಿದ ನಾಲ್ಕು ಧ್ರುವಗಳ ಆಲ್ಟರ್ನೇಟರ್ ಈ ವೇಗದಲ್ಲಿ ಸರಿಯಾಗಿ 50 ಹರ್ಟ್ಸ್‌ನ ವಿದ್ಯುತ್ ಉತ್ಪಾದಿಸುತ್ತದೆ. ಲಿಫ್ಟು ಹೊರಟ ಕೂಡಲೇ ಎಂಜಿನ್ನಿನ ಸದ್ದು ಒಮ್ಮೆ ಕುಗ್ಗಿ ಮತ್ತೆ ಏರುವುದನ್ನು ಹತ್ತಿರ ನಿಂತವರು ಕೇಳಬಹುದು. ಭಾರಕ್ಕೆ ಕುಸಿದ ವೇಗವನ್ನು ಗವರ್ನರ್ ಎಂಬ ವೇಗ ನಿಯಂತ್ರಕ ಹೆಚ್ಚು ಡೀಸೆಲ್ ಬಿಟ್ಟು ಸರಿಪಡಿಸುವ ಸದ್ದು ಅದು. ವೋಲ್ಟೇಜನ್ನು ಹತೋಟಿಯಲ್ಲಿಡಲು ಬೇರೊಂದು ನಿಯಂತ್ರಕವಿರುತ್ತದೆ.

ವೇಗ ಮತ್ತು ವೋಲ್ಟೇಜ್ ಸ್ಥಿರವಾದ ಮೇಲಷ್ಟೇ ಚೇಂಜ್‌ಓವರ್ ಸ್ವಿಚ್ ಕಟ್ಟಡದ ಸಂಪರ್ಕವನ್ನು ಹೊರಗಿನ ಲೈನಿನಿಂದ ಬಿಡಿಸಿ ಜನರೇಟರಿಗೆ ಕೊಡುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಮುಖ್ಯವಾದ ಭಾಗ ಇದೇ. ಎರಡೂ ಮೂಲಗಳು ಒಟ್ಟಿಗೆ ಸೇರದಂತೆ ಇದರಲ್ಲಿ ಇಂಟರ್‌ಲಾಕ್ ಇರಲೇಬೇಕು. ಅದಿಲ್ಲದಿದ್ದರೆ ಜನರೇಟರಿನ ವಿದ್ಯುತ್ ಹೊರಗಿನ ಲೈನಿಗೆ ಹರಿದು, ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ 11,000 ವೋಲ್ಟಿಗೆ ಏರಿ, ಲೈನ್ ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣಕ್ಕೇ ಎರವಾಗಬಹುದು. ಸಣ್ಣ ಪೆಟ್ರೋಲ್ ಜನರೇಟರನ್ನು ಎರಡೂ ತುದಿಗೆ ಪಿನ್ನಿರುವ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವುದು ಈ ಕಾರಣಕ್ಕೇ ಅಕ್ಷಮ್ಯ. ಅಂಥ ಜನರೇಟರನ್ನು ಮನೆ ಅಥವಾ ಅಂಗಡಿಯ ಒಳಗೆ ಓಡಿಸುವುದೂ ಅಷ್ಟೇ ಅಪಾಯಕರ, ಏಕೆಂದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ಕೈಯಿಂದ ತಿರುಗಿಸುವ ಚೇಂಜ್‌ಓವರ್ ಇರುವವರು ಮೊದಲು ಉಪಕರಣಗಳನ್ನೆಲ್ಲ ಆಫ್ ಮಾಡಿ, ಸ್ವಿಚ್ಚನ್ನು ನಡುವಿನ ಆಫ್ ಸ್ಥಾನಕ್ಕೆ ತರಬೇಕು. ಎಂಜಿನ್ ಚಾಲೂ ಮಾಡಿ, ಅದು ಒಂದೆರಡು ನಿಮಿಷ ಓಡಿದ ಮೇಲೆ ಸ್ವಿಚ್ಚನ್ನು ಜನರೇಟರಿನ ಕಡೆಗೆ ತಿರುಗಿಸಬೇಕು. ಮೋಟಾರುಗಳು ಹೊರಡುವಾಗ ತಮ್ಮ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯಬಲ್ಲವಾದ್ದರಿಂದ ಪಂಪನ್ನು ಮೊದಲು ಹಾಕಿ, ಉಳಿದವನ್ನು ಒಂದೊಂದಾಗಿ ಹಾಕುವುದು ಒಳ್ಳೆಯದು.

ಸಾಮರ್ಥ್ಯದ ಲೆಕ್ಕ ಕಷ್ಟವೇನಲ್ಲ. ಯಂತ್ರದ ಸಾಮರ್ಥ್ಯವನ್ನು ಕೆವಿಎ (ಕಿಲೋವೋಲ್ಟ್-ಆಂಪಿಯರ್) ಲೆಕ್ಕದಲ್ಲಿ ಹೇಳುತ್ತಾರೆ; ಅದರಲ್ಲಿ ನಿಜವಾಗಿ ಕೆಲಸಕ್ಕೆ ಒದಗುವ ಪಾಲೇ ಪವರ್ ಫ್ಯಾಕ್ಟರ್. 0.8ರ ಪವರ್ ಫ್ಯಾಕ್ಟರಿನಲ್ಲಿ 125 ಕೆವಿಎ ಯಂತ್ರ ಕೊಡುವುದು 100 ಕಿಲೋವ್ಯಾಟ್. ಇದನ್ನು ಹತ್ತಾರು ಮನೆಗಳು ಹಂಚಿಕೊಳ್ಳುವುದರಿಂದಲೇ ಪ್ರತಿ ಮನೆಗೂ ಮಿತಿ ಇರುತ್ತದೆ. ಜನರೇಟರ್ ಓಡುವಾಗ ಗೀಸರ್ ಹಾಕಿದವರ ಮನೆಯಲ್ಲಿ ಕರೆಂಟು ಕಡಿತಗೊಳ್ಳುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ದೊಡ್ಡ ಯಂತ್ರವೇ ಲೇಸೆಂಬ ಮಾರಾಟಗಾರರ ಮಾತನ್ನೂ ಪೂರ್ತಿ ನಂಬಬೇಕಾಗಿಲ್ಲ. ಸಾಮರ್ಥ್ಯದ ಶೇ 30ಕ್ಕಿಂತ ಕಡಿಮೆ ಹೊರೆಯಲ್ಲಿ ಗಂಟೆಗಟ್ಟಲೆ ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ಹೊಗೆ ಕೊಳವೆಯಲ್ಲಿ ಮಸಿ ಕಟ್ಟುತ್ತದೆ.

ಹೊರಗಿನ ಕರೆಂಟು ಬಂದ ಮೇಲೂ ಪ್ಯಾನೆಲ್ ಅದು ಸ್ಥಿರವಾಗಿ ಉಳಿಯುತ್ತದೆಯೇ ಎಂದು ಸ್ವಲ್ಪ ಹೊತ್ತು ನೋಡಿ, ಆಮೇಲೆ ಸಂಪರ್ಕ ಬದಲಿಸುತ್ತದೆ. ಎಂಜಿನ್ ಮಾತ್ರ ತಣಿಯುವುದಕ್ಕಾಗಿ ಇನ್ನೂ ಕೆಲವು ನಿಮಿಷ ಹೊರೆಯಿಲ್ಲದೆ ಓಡಿ ತಾನಾಗಿಯೇ ನಿಲ್ಲುತ್ತದೆ.