ಜಿಲ್ಲೆ ವಿಭಜನೆಯ ಗದ್ದಲದಲ್ಲಿ ಎಸ್‌ಇಒ ಕಲಿತ ಬಗೆ

2020ರ ನವೆಂಬರ್ 18ರಂದು ರಾಜ್ಯ ಸಚಿವ ಸಂಪುಟವು ಬಳ್ಳಾರಿಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಲು ತಾತ್ವಿಕ ಒಪ್ಪಿಗೆ ನೀಡಿದ ಮೇಲೆ ಬಳ್ಳಾರಿಯಲ್ಲಿ ಕೆಲವು ವಾರ ಬೇರೆ ಮಾತೇ ಇರಲಿಲ್ಲ. ಹೊಸಪೇಟೆಯವರಾದ ಸಚಿವ ಆನಂದ್ ಸಿಂಗ್ ಹೊಸ ಜಿಲ್ಲೆಗಾಗಿ ಪಟ್ಟು ಹಿಡಿದಿದ್ದರೆ, ಅವರದೇ ಪಕ್ಷದ ಬಳ್ಳಾರಿ ನಗರ ಶಾಸಕ ಜಿ. ಸೋಮಶೇಖರ ರೆಡ್ಡಿ ಅದನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದರು. ಜಿಲ್ಲೆಯ ಆಡಳಿತದ ವಿಚಾರವಾಗಿ ನನ್ನದೇ ಒಂದು ಸಣ್ಣ ಜಾಲತಾಣದಲ್ಲಿ ಬರೆಯುತ್ತಿದ್ದ ನನಗೆ, ಬರೆದದ್ದು ಗೂಗಲ್‌ನಲ್ಲಿ ಹುಡುಕುವವರ ಕಣ್ಣಿಗೆ ಬೀಳುವಂತೆ ಮಾಡುವ ಕೆಲಸ, ಅಂದರೆ ಎಸ್‌ಇಒ, ಕೈಗೆ ಹತ್ತಿದ್ದು ಈ ವಿವಾದದ ನಡುವೆಯೇ.

ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ ಜಾಲತಾಣದ ಒಡೆತನವನ್ನು ದೃಢಪಡಿಸಿ, ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಸಲ್ಲಿಸುವುದು ಮೊದಲ ಹೆಜ್ಜೆ. ಅದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ನಿಜವಾದ ಪಾಠ ಶುರುವಾದದ್ದು ಅದರ ವರದಿಯಲ್ಲಿ, ಜನರು ಯಾವ ಪದಗಳನ್ನು ಟೈಪಿಸಿದಾಗ ನನ್ನ ಪುಟ ಕಾಣಿಸಿಕೊಂಡಿತು ಎಂಬ ಸಾಲುಗಳನ್ನು ಓದತೊಡಗಿದಾಗ. ನಾನು ಬರೆಯುತ್ತಿದ್ದದ್ದು ಯಾರ ಕೈ ಮೇಲಾಯಿತು, ಯಾರ ಬೆಂಬಲಿಗರು ಎಲ್ಲಿ ಧರಣಿ ಕುಳಿತರು ಎಂಬುದರ ಬಗ್ಗೆ. ಜನರು ಕೇಳುತ್ತಿದ್ದದ್ದು ‘ಕಂಪ್ಲಿ ಯಾವ ಜಿಲ್ಲೆ’, ‘ಹರಪನಹಳ್ಳಿ 371ಜೆ’, ‘ವಿಜಯನಗರ ಜಿಲ್ಲೆ ತಾಲ್ಲೂಕುಗಳು’ ಎಂದು. (371ಜೆ ಎಂದರೆ ಹೈದರಾಬಾದ್ ಕರ್ನಾಟಕ ಭಾಗಕ್ಕೆ ಶಿಕ್ಷಣ, ಉದ್ಯೋಗದಲ್ಲಿ ವಿಶೇಷ ಮೀಸಲಾತಿಗೆ ಅವಕಾಶ ಕೊಡುವ ಸಂವಿಧಾನದ ವಿಧಿ.) ಜಗಳದ ಸುದ್ದಿಯನ್ನು ಅವರು ಟಿವಿಯಲ್ಲಿ ನೋಡಿ ಮುಗಿಸಿದ್ದರು. ಹುಡುಕುವ ಹೊತ್ತಿಗೆ ಅವರಿಗೆ ಬೇಕಾಗಿದ್ದದ್ದು ತಮ್ಮ ಊರಿನ ಗತಿ ಏನು ಎಂಬ ಉತ್ತರ.

ಹಾಗಾಗಿ ಬರೆಯುವ ಕ್ರಮವನ್ನೇ ತಿರುಗಿಸಿದೆ. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಹೊಸ ಜಿಲ್ಲೆಗೆ, ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಹಳೆಯ ಜಿಲ್ಲೆಗೆ ಎಂಬ ವಿವರವನ್ನು ಪುಟದ ಮೊದಲ ಪರಿಚ್ಛೇದದಲ್ಲೇ ಇಟ್ಟು, ರಾಜಕೀಯವನ್ನು ಅದರ ಕೆಳಗೆ ತಂದೆ. ಕಂಪ್ಲಿಯವರ ಪ್ರಶ್ನೆಗೆ ಪ್ರತ್ಯೇಕ ಉಪಶೀರ್ಷಿಕೆಯನ್ನೇ ಕೊಟ್ಟೆ. ಮೊದಲು ಹೊಸಪೇಟೆ ತಾಲ್ಲೂಕಿನಲ್ಲೇ ಇದ್ದ ಊರು ಅದು. ಅಲ್ಲಿನವರ ಗೊಂದಲ ಸಹಜವಾದದ್ದೇ. ಉಪಶೀರ್ಷಿಕೆಯನ್ನು ಜನರು ಕೇಳುವ ಮಾತಿನಲ್ಲೇ ಬರೆದು, ಮರುಸಾಲಿನಲ್ಲೇ ನೇರ ಉತ್ತರ ಕೊಟ್ಟರೆ ಪುಟ ಮೇಲೇರುತ್ತದೆ ಎಂಬುದನ್ನು ಈ ಒಂದು ಊರಿನಿಂದ ಕಲಿತೆ.

‘ಬಳ್ಳಾರಿ ವಿಭಜನೆ’ ಎಂಬ ಪದಗುಚ್ಛಕ್ಕೆ ಇನ್ನೊಂದು ತೊಡಕಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋಗಿ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತಷ್ಟೆ. ಆ ಚರಿತ್ರೆಯನ್ನು ಹುಡುಕುವ ವಿದ್ಯಾರ್ಥಿಯೂ 2020ರ ಗಲಾಟೆಯನ್ನು ಹುಡುಕುವವನೂ ಟೈಪಿಸುವುದು ಅದೇ ಪದಗಳನ್ನು. ಶೀರ್ಷಿಕೆಯಲ್ಲಿ ‘ವಿಜಯನಗರ’ ಎಂಬ ಹೆಸರನ್ನೂ ‘2020’ ಎಂಬ ಇಸವಿಯನ್ನೂ ಸೇರಿಸಿದ ಮೇಲೆ ಬೇಕಾದವರು ಮಾತ್ರ ಬರತೊಡಗಿದರು. ಬಂದ ಕೂಡಲೇ ಹಿಂದಕ್ಕೆ ಹೋಗುವವರು ಕಡಿಮೆಯಾದರು.

ಕನ್ನಡದಲ್ಲಿ ಬರೆಯುವವರಿಗಷ್ಟೇ ಎದುರಾಗುವ ಕೆಲವು ಸಂಗತಿಗಳಿವೆ, ಇಂಗ್ಲಿಷಿನ ಎಸ್‌ಇಒ ಪಾಠಗಳಲ್ಲಿ ಅವು ಸಿಗುವುದಿಲ್ಲ. ಹೋರಾಟ ಸಮಿತಿಗಳು ಹಂಚುತ್ತಿದ್ದ ಮನವಿ ಪತ್ರಗಳಲ್ಲಿ ಬಹಳಷ್ಟು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪಾಗಿರುತ್ತಿದ್ದವು. ತೆರೆಯ ಮೇಲೆ ಕನ್ನಡವಾಗಿ ಕಾಣುವ ಆ ಪಠ್ಯ ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರ ಹಾಗೂ ಚಿಹ್ನೆಗಳ ರಾಶಿ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ ವ್ಯವಸ್ಥೆಯಾದ ಯೂನಿಕೋಡಿಗೆ ಪರಿವರ್ತಿಸದ ಹೊರತು ಹುಡುಕಾಟಕ್ಕೆ ಅದು ಇಲ್ಲದಂತೆಯೇ. ಪರಿವರ್ತಕದಲ್ಲಿ ಹಾಕಿ ತೆಗೆದ ಮೇಲೂ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಲೇಬೇಕು. ಪುಟದ ವಿಳಾಸವನ್ನು ಕನ್ನಡದಲ್ಲೇ ಇಟ್ಟರೆ ಇನ್ನೊಂದು ಪೇಚು: ‘ಬಳ್ಳಾರಿ’ ಎಂಬ ಪದ ಯೂನಿಕೋಡಿನಲ್ಲಿ ಏಳು ಸಂಕೇತಗಳಾಗುತ್ತದೆ, ಒಂದೊಂದು ಸಂಕೇತವೂ ವಿಳಾಸದಲ್ಲಿ ಶೇಕಡಾ ಚಿಹ್ನೆಗಳೊಂದಿಗೆ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಂಡು, ಒಂದೇ ಪದ 63 ಅಕ್ಷರಗಳಷ್ಟು ಉದ್ದವಾಗುತ್ತದೆ. ಗೂಗಲ್ ಅದನ್ನು ಸಲೀಸಾಗಿ ಓದುತ್ತದೆ, ನಿಜ. ಆದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿದಾಗ ಜನರು ಅದನ್ನು ವೈರಸ್ಸೆಂದು ಹೆದರಿ ಮುಟ್ಟುವುದಿಲ್ಲ. ಅದಕ್ಕಾಗಿ ವಿಳಾಸವನ್ನು ಚಿಕ್ಕದಾಗಿ ಇಂಗ್ಲಿಷ್ ಲಿಪಿಯಲ್ಲಿ, ಶೀರ್ಷಿಕೆಯನ್ನು ಕನ್ನಡದಲ್ಲಿ ಇಡುವ ಪದ್ಧತಿ ಮಾಡಿಕೊಂಡೆ. ಹುಡುಕುವವರು ವಿಭಕ್ತಿ ಪ್ರತ್ಯಯಗಳನ್ನು ಟೈಪಿಸುವುದೂ ಅಪರೂಪ. ‘ಬಳ್ಳಾರಿಯಿಂದ ಬೇರ್ಪಟ್ಟ’ ಎಂಬ ಶೀರ್ಷಿಕೆಗಿಂತ ‘ಬಳ್ಳಾರಿ ಜಿಲ್ಲೆ ವಿಭಜನೆ’ ಎಂಬುದು ಸಪ್ಪೆಯಾದರೂ ಕೆಲಸಕ್ಕೆ ಬರುತ್ತದೆ.

ಹೆಸರುಗಳದು ಇನ್ನೊಂದು ಕಥೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಮ್ಮ ಊರು ಬಳ್ಳಾರಿ, ಪಕ್ಕದ ಊರು ಹೊಸಪೇಟೆ. 2019ರಿಂದ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಗಿದೆ. ಹುಡುಕುವವರ ಬೆರಳು ಮಾತ್ರ ಹಳೆಯ ಹೆಸರುಗಳನ್ನು ಬಿಟ್ಟಿಲ್ಲ. 371ಜೆ ಕುರಿತ ಪುಟದಲ್ಲಿ ಎರಡೂ ಹೆಸರುಗಳು ವಾಕ್ಯದೊಳಗೆ ಸಹಜವಾಗಿ ಬರುವಂತೆ ನೋಡಿಕೊಂಡೆ. ಪದಗಳನ್ನು ಪುಟದ ಬುಡದಲ್ಲಿ ರಾಶಿ ಹಾಕುವುದರಿಂದ ಪ್ರಯೋಜನವಿಲ್ಲ; ಪುಟದ ಕೋಡಿನಲ್ಲಿ ಓದುಗರಿಗೆ ಕಾಣದಂತೆ ಸೇರಿಸುವ ಮೆಟಾ ಕೀವರ್ಡ್‌ಗಳನ್ನೂ ರ‍್ಯಾಂಕಿಂಗಿಗೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ.

ದಿನಕ್ಕೊಂದು ಹೊಸ ಪುಟ ಬರೆಯುವ ಬದಲು ಒಂದೇ ಪುಟವನ್ನು ಬೆಳೆಸಿದ್ದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ಡಿಸೆಂಬರಿನಲ್ಲಿ ಕರಡು ಅಧಿಸೂಚನೆ, 2021ರ ಫೆಬ್ರುವರಿ 8ರಂದು ಅಂತಿಮ ಅಧಿಸೂಚನೆ, ಅಕ್ಟೋಬರ್ 2ರಂದು ಉದ್ಘಾಟನೆ, ಹೀಗೆ ಪ್ರತಿ ಹಂತವನ್ನೂ ಅದೇ ವಿಳಾಸದಲ್ಲಿ ದಿನಾಂಕಸಹಿತ ಸೇರಿಸುತ್ತ ಹೋದೆ. ಬಿಡಿಬಿಡಿಯಾಗಿದ್ದ ಹಳೆಯ ಪುಟಗಳನ್ನು 301 ರೀಡೈರೆಕ್ಟ್ ಮೂಲಕ, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸ ವಿಳಾಸಕ್ಕೆ ಕಳಿಸುವ ಏರ್ಪಾಟಿನಿಂದ, ಇದಕ್ಕೆ ಜೋಡಿಸಿದೆ. ಇತರರು ಅವಕ್ಕೆ ಕೊಟ್ಟಿದ್ದ ಕೊಂಡಿಗಳ ಬಲವೆಲ್ಲ ಹೀಗೆ ಒಂದೇ ಕಡೆ ಹರಿಯಿತು.

ಇಬ್ಬರು ನಾಯಕರನ್ನು ಎದುರುಬದುರು ನಿಲ್ಲಿಸುವ ಶೀರ್ಷಿಕೆಗೆ ಕ್ಲಿಕ್‌ಗಳು ಹೆಚ್ಚು ಬರುತ್ತವೆ ಎಂಬುದನ್ನು ಅಂಕಿಗಳೇ ತೋರಿಸುತ್ತವೆ. ಆದರೂ ಅಂಥವನ್ನು ನಾನು ಇಡಲಿಲ್ಲ. ವಿವಾದ ತಣ್ಣಗಾದ ಮೇಲೆ ಆ ಪುಟಗಳನ್ನು ಕೇಳುವವರಿಲ್ಲ. ತಾಲ್ಲೂಕುಗಳ ಪಟ್ಟಿಗಾದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈಗಲೂ ಬರುತ್ತಾರೆ. ಸರ್ಚ್ ಕನ್ಸೋಲ್ 16 ತಿಂಗಳ ಹಿಂದಿನವರೆಗಿನ ಅಂಕಿಗಳನ್ನು ಮಾತ್ರ ತೋರಿಸುವುದರಿಂದ, ತಿಂಗಳಿಗೊಮ್ಮೆ ವರದಿಯನ್ನು ಇಳಿಸಿ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುವುದನ್ನು ಈ ಕೆಲಸ ಶುರುಮಾಡುವವರು ಮೊದಲ ತಿಂಗಳಿನಿಂದಲೇ ರೂಢಿಸಿಕೊಳ್ಳಲಿ.